ಜಾಗತಿಕ ಕ್ರೀಡಾಮೇಳಗಳೂ ಕ್ರೈಸ್ತರು ಕಂಡ ದೇವರ ಪ್ರೀತಿಯೂ



ಈ ವಿಷಯವು ಮೊದಲ ನೋಟಕ್ಕೆ ವಿಚಿತ್ರವಾಗಿ ತೋರಬಹುದು. ಕ್ರೀಡಾಂಗಣವೆಂದರೆ ಅಳತೆಯ ಸ್ಥಾನ. ದೂರವನ್ನು ಮೀಟರಿನಿಂದ, ವೇಳೆಯನ್ನು ಸೆಕೆಂಡಿನ ನೂರನೆಯ ಪಾಲಿನಿಂದ ಅಲ್ಲಿ ಅಳೆಯುವರು. ಮೂವರಿಗೆ ಪದಕ, ಉಳಿದವರಿಗೆ ಮನೆಯ ದಾರಿ. ದೇವರ ಪ್ರೀತಿಯಾದರೋ ಅಳತೆಗೆ ನಿಲುಕದ್ದೆಂದು ಬಲ್ಲವರು ಹೇಳುವರು. ಹಾಗಾದರೆ ಅಳತೆಯಲ್ಲಿ ಕಡಮೆ ಬಿದ್ದವನ ಗತಿಯೇನು? ಈ ಪ್ರಶ್ನೆ ಓಟಗಾರನೊಬ್ಬನದೇ ಅಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಹುಡುಗನದು, ಬೆಳೆ ಕೈಗೆ ಹತ್ತದ ಒಕ್ಕಲಿಗನದು, ವ್ಯಾಪಾರದಲ್ಲಿ ಸೋತ ಗೃಹಸ್ಥನದು ಸಹ ಇದೇ ಪ್ರಶ್ನೆ.

ಪೂರ್ವಕಾಲದಲ್ಲಿ ಗ್ರೀಸ್ ದೇಶದ ಒಲಿಂಪಿಯಾ ಕ್ಷೇತ್ರದಲ್ಲಿ ಸ್ಯೂಸ್ ದೇವತೆಯ ಗೌರವಾರ್ಥವಾಗಿ ಆಟಗಳು ನಡೆಯುತ್ತಿದ್ದವು. ಗೆದ್ದವನ ತಲೆಗೆ ಆಲಿವ್ ಎಲೆಗಳ ಮಾಲೆ ಸಲ್ಲುತ್ತಿತ್ತು; ಎರಡನೆಯವನಿಗೆ ಏನೂ ಇರಲಿಲ್ಲ. ಕ್ರೈಸ್ತರ ಆದ್ಯ ಪ್ರಚಾರಕನಾದ ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಇಂಥ ಓಟಗಾರರನ್ನೇ ದೃಷ್ಟಾಂತವಾಗಿ ತೆಗೆದುಕೊಂಡು, ಬಾಡಿಹೋಗುವ ಮಾಲೆಗಾಗಿ ಅವರು ಅಷ್ಟು ದಣಿಯುವಾಗ ಬಾಡದ ಮಾಲೆಯನ್ನು ಬಯಸುವವರು ಎಷ್ಟು ನಿಷ್ಠೆಯಿಂದಿರಬೇಕೆಂದು ಬೋಧಿಸಿದನು. ಬಹುಕಾಲ ನಿಂತುಹೋಗಿದ್ದ ಈ ಉತ್ಸವವನ್ನು ಫ್ರಾನ್ಸ್ ದೇಶದ ಪಿಯೆರ್ ದ ಕೂಬರ್ತ್ಯಾ ಎಂಬ ಮಹನೀಯನು ಪುನರುಜ್ಜೀವನಗೊಳಿಸಲು, 1896ರಲ್ಲಿ ಅಥೆನ್ಸಿನಲ್ಲಿ ಅದು ಮರಳಿ ಆರಂಭವಾಯಿತು. 1908ರಲ್ಲಿ ಲಂಡನ್ನಿನಲ್ಲಿ ಕೂಟ ನೆರೆದಾಗ, ಅಮೇರಿಕದ ಬಿಶಪ್ ಟಾಲ್ಬಟ್ಟನು ಸೇಂಟ್ ಪಾಲ್ ದೇವಾಲಯದಲ್ಲಿ ಉಪದೇಶ ಮಾಡಿ, ಬಹುಮಾನಕ್ಕಿಂತ ಆಟವೇ ಹೆಚ್ಚೆಂದು ಸಾರಿದನು. ಕೂಬರ್ತ್ಯಾನು ಆ ಮಾತನ್ನು ಎತ್ತಿಕೊಂಡು, ಗೆಲ್ಲುವದಕ್ಕಿಂತ ಭಾಗವಹಿಸುವದು ಮುಖ್ಯವೆಂಬ ತತ್ತ್ವವನ್ನು ಲೋಕಪ್ರಸಿದ್ಧವಾಗಿ ಮಾಡಿದನು.

ಕ್ರೈಸ್ತರ ಗ್ರೀಕ್ ಶಾಸ್ತ್ರಗ್ರಂಥದಲ್ಲಿ ದೇವರ ಪ್ರೀತಿಗೆ ‘ಅಗಾಪೆ’ ಎಂದು ಹೆಸರು. ಪಾತ್ರತೆಯನ್ನು ತೂಗಿ ನೋಡಿ ಆಮೇಲೆ ಹುಟ್ಟುವ ಪ್ರೀತಿ ಇದಲ್ಲ. ಪಾತ್ರತೆಗೆ ಮೊದಲೇ ಬಂದು ನಿಲ್ಲುವಂಥದು. ಇದನ್ನು ತಿಳಿಸಲು ಯೇಸುಸ್ವಾಮಿಯು ಹೇಳಿದ ಕಥೆಯೊಂದು ಲೂಕನ ಗ್ರಂಥದಲ್ಲಿ ಉಂಟು. ಕಿರಿಯ ಮಗನು ತನ್ನ ಪಾಲನ್ನು ಪಡೆದು ದೂರದೇಶಕ್ಕೆ ಹೋಗಿ, ಎಲ್ಲವನ್ನೂ ಹಾಳುಮಾಡಿ, ಹಸಿದು, ಆಳಾಗಿಯಾದರೂ ಇರುವೆನೆಂದು ಮನೆಯ ಕಡೆಗೆ ತಿರುಗುವನು. ಅವನು ಇನ್ನೂ ದೂರದಲ್ಲಿರುವಾಗಲೇ ತಂದೆ ಕಂಡು, ಓಡಿಹೋಗಿ ಅಪ್ಪಿಕೊಳ್ಳುವನು. ಗಮನಿಸಿರಿ, ಈ ಕಥೆಯಲ್ಲಿ ಓಡುವವನು ತಂದೆ! ಹಿರಿಯ ಮಗನಿಗೆ ಇದು ಸಹಿಸದು. ತಾನು ದುಡಿದ ವರುಷಗಳ ಲೆಕ್ಕ ಹೇಳಿ ಅವನು ಹೊರಗೇ ನಿಲ್ಲುವನು. ಅವನ ಮನಸ್ಸಿನಲ್ಲಿ ಪ್ರೀತಿಯು ಪದಕವಾಗಿತ್ತು. ಅವನನ್ನು ಒಳಗೆ ಕರೆಯಲು ಸಹ ತಂದೆಯೇ ಹೊರಗೆ ಬರುವನು.

ಈ ಕಥೆಗೆ ಕನ್ನಡಿ ಹಿಡಿದಂತೆ ಒಂದು ಪ್ರಸಂಗವು 1992ರಲ್ಲಿ ಬಾರ್ಸೆಲೋನಾ ಒಲಿಂಪಿಕ್ಸಿನಲ್ಲಿ ನಡೆಯಿತು. ಇಂಗ್ಲೆಂಡಿನ ಡೆರೆಕ್ ರೆಡ್ಮಂಡನು 400 ಮೀಟರ್ ಓಟದ ಉಪಾಂತ್ಯ ಸ್ಪರ್ಧೆಯಲ್ಲಿ ಓಡುತ್ತಿದ್ದನು. ನಾಲ್ಕು ವರುಷಗಳ ಹಿಂದೆ ಸೋಲ್ ನಗರದಲ್ಲಿ ಕಾಲಿನ ನೋವಿನಿಂದ ಓಟವನ್ನು ಆರಂಭಿಸಲಾರದೆ ಹಿಂದಿರುಗಿದವನು ಆತ. ಈ ಸಲ ನಡುದಾರಿಯಲ್ಲಿ ತೊಡೆಯ ಹಿಂಭಾಗದ ಸ್ನಾಯು ಹರಿದು ನೆಲಕ್ಕೆ ಕುಸಿದನು. ಎದ್ದು ಕುಂಟುತ್ತ ಮುಂದರಿದನು. ಆಗ ಪ್ರೇಕ್ಷಕರ ಸಾಲಿನಿಂದ ಅವನ ತಂದೆ ಜಿಮ್ಮನು ಕಾವಲುಗಾರರನ್ನು ದಾಟಿ ಅಂಗಣಕ್ಕೆ ಧಾವಿಸಿ ಬಂದು, ಮಗನಿಗೆ ಹೆಗಲು ಕೊಟ್ಟು ಗುರಿಯ ಗೆರೆಯವರೆಗೆ ನಡೆಯಿಸಿದನು. ಇತರರ ಸಹಾಯ ಪಡೆದ ಓಟವು ನಿಯಮಕ್ಕೆ ಸಲ್ಲದ ಕಾರಣ, ಡೆರೆಕನಿಗೆ ಅಲ್ಲಿ ಸ್ಥಾನ ದೊರೆಯಲಿಲ್ಲ. ಆದರೆ ನೆರೆದ ಸಹಸ್ರಾರು ಜನ ಎದ್ದು ನಿಂತು ಗೌರವಿಸಿದರು. ಆ ತಂದೆಯು ಮತಬೋಧೆಗಾಗಿ ಬಂದವನಲ್ಲ; ಮಗ ಬಿದ್ದನೆಂದು ಬಂದವನು. ಆದರೂ ಕ್ರೈಸ್ತರ ನಂಬುಗೆಯ ಹೃದಯವು ಇಲ್ಲಿ ನಮಗೆ ತಿಳಿಯುವದು: ದೇವರು ಎತ್ತರದ ಪೀಠದಲ್ಲಿ ಕುಳಿತು ಅಂಕ ಹಾಕದೆ, ಮನುಷ್ಯರ ನೋವಿನ ಅಂಗಣಕ್ಕೆ ಇಳಿದು ಬಂದನೆಂಬುದೇ ಅವರ ಶ್ರದ್ಧೆ.

ಪ್ರೀತಿಯು ಪುಕ್ಕಟೆಯಾಗಿ ಸಿಕ್ಕುವದಾದರೆ ದುಡಿಯುವದೇಕೆ, ಓಡುವದೇಕೆ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಎರಿಕ್ ಲಿಡೆಲ್ಲನ ಬಾಳೇ ಉತ್ತರ. ಸ್ಕಾಟ್ಲೆಂಡಿನ ಮಿಶನರಿಗಳ ಮಗನಾಗಿ 1902ರಲ್ಲಿ ಚೀನದಲ್ಲಿ ಹುಟ್ಟಿದ ಈತನು 100 ಮೀಟರ್ ಓಟದಲ್ಲಿ ಹೆಸರಾಂತವನು. 1924ರ ಪ್ಯಾರಿಸ್ ಕೂಟದಲ್ಲಿ ಆ ಓಟದ ಆರಂಭದ ಸುತ್ತುಗಳು ರವಿವಾರ ಗೊತ್ತಾದ್ದರಿಂದ, ಅದು ದೇವರ ದಿನವೆಂದು ಅದನ್ನು ಬಿಟ್ಟುಕೊಟ್ಟನು. ಬೇರೆ ದಿನ 400 ಮೀಟರ್ ಓಡಿ 47.6 ಸೆಕೆಂಡುಗಳಲ್ಲಿ ಸುವರ್ಣಪದಕ ಗಳಿಸಿದನು. ದೇವರ ಪ್ರೀತಿಯನ್ನು ಪದಕದಿಂದ ಕೊಳ್ಳಬೇಕಾಗಿರಲಿಲ್ಲ. ಆದುದರಿಂದಲೇ ಅವನು ನಿರ್ಭಯದಿಂದ ಬಿಡಬಲ್ಲವನಾದನು, ನಿರ್ಭಯದಿಂದ ಓಡಬಲ್ಲವನಾದನು. ಮರುವರುಷವೇ ಕೀರ್ತಿಯನ್ನು ಹಿಂದಿಟ್ಟು ಚೀನಕ್ಕೆ ಸೇವೆಗೆ ಹೊರಟನು. ಮಹಾಯುದ್ಧದಲ್ಲಿ ಜಪಾನಿಯರು ಅವನನ್ನು ವೈಹ್ಸಿಯೆನ್ ಬಂಧನಶಿಬಿರದಲ್ಲಿರಿಸಿದರು. ಅಲ್ಲಿಯ ಮಕ್ಕಳಿಗೆ ಪಾಠ ಹೇಳಿದನು, ಆಟ ಆಡಿಸಿದನು. ರವಿವಾರ ಮಕ್ಕಳು ಆಟದಲ್ಲಿ ಜಗಳಾಡುವದನ್ನು ಕಂಡು, ಸುವರ್ಣಪದಕಕ್ಕಾಗಿ ಮುರಿಯದ ವ್ರತವನ್ನು ಆ ಮಕ್ಕಳಿಗಾಗಿ ಸಡಿಲಿಸಿ ತಾನೇ ನಿರ್ಣಾಯಕನಾಗಿ ನಿಂತನೆಂದು ಅವನ ಚರಿತ್ರೆ ಹೇಳುವದು. 1945ರ ಫೆಬ್ರುವರಿಯಲ್ಲಿ, ಬಿಡುಗಡೆಯನ್ನು ಕಾಣದೆ, ಮಿದುಳಿನ ಗಡ್ಡೆಯಿಂದ ಅಲ್ಲಿಯೇ ತೀರಿಕೊಂಡನು.

ಶರಣಬಂಧುಗಳಿರಾ! ಕ್ರೈಸ್ತರ ಸಿದ್ಧಾಂತಕ್ಕೂ ನಮ್ಮ ಷಟ್‌ಸ್ಥಲ ಸಿದ್ಧಾಂತಕ್ಕೂ ಭೇದಗಳುಂಟು, ಅವನ್ನು ಮರೆಸಬೇಕಾಗಿಲ್ಲ. ಆದರೆ ಕಾಯಕ ಮತ್ತು ಪ್ರಸಾದ ಎಂಬ ಎರಡು ಮಾತುಗಳನ್ನು ಬಲ್ಲ ನಮಗೆ ಈ ಭಾವವು ಪರಕೀಯವಲ್ಲ. ಕಾಯಕವನ್ನು ಬೆವರು ಸುರಿಸಿ ಮಾಡುವೆವು. ಪ್ರಸಾದವನ್ನು ಕೂಲಿಯೆಂದು ಕೇಳದೆ ಕೈಯೊಡ್ಡಿ ಕೊಳ್ಳುವೆವು. ಈ ಮಠದ ದಾಸೋಹದ ಪಂಕ್ತಿಯಲ್ಲಿ ಬಡಿಸುವವರು, ನೀನು ಗೆದ್ದೆಯೋ ಸೋತೆಯೋ ಎಂದು ಯಾರನ್ನೂ ಕೇಳುವದಿಲ್ಲ.

ತಂದೆತಾಯಿಗಳಲ್ಲಿ ನನ್ನ ಬಿನ್ನಹವಿಷ್ಟೇ: ಮಕ್ಕಳು ಗೆದ್ದು ಬಂದಾಗ ಬಾಗಿಲಿಗೆ ತೋರಣ ಕಟ್ಟಿರಿ, ಸೋತು ಬರುವಾಗ ಬಾಗಿಲಲ್ಲಿ ಕಾಯದೆ, ನೀವೇ ದಾರಿಯವರೆಗೆ ಓಡಿಹೋಗಿರಿ. ಶ್ರೀಗುರುವಿನ ಕೃಪೆಯು ಸರ್ವರ ಮೇಲಿರಲಿ.