ಕೆಂಪು ಮಂಡಿಯ ಜೇಡ ಪೊರೆ ಬಿಡುವಾಗ



ಮೆಕ್ಸಿಕೋದ ಪೆಸಿಫಿಕ್ ಕರಾವಳಿಯ ಒಣಕಾಡುಗಳಲ್ಲಿ ಒಂದು ದೊಡ್ಡ ಜೇಡ ಬಿಲದಲ್ಲಿ ವಾಸಿಸುತ್ತದೆ. ಮೈ ಕಪ್ಪು, ಕಾಲಿನ ಗಂಟುಗಳು ಮಾತ್ರ ಕಿತ್ತಳೆಗೆಂಪು. ಕೆಂಪು ಮಂಡಿಯ ಟ್ಯಾರಂಟುಲಾ ಎಂದೇ ಅದರ ಹೆಸರು. ಅಮೆರಿಕ, ಯುರೋಪಿನಲ್ಲಿ ಇದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವವರು ಬಹಳ ಮಂದಿ. ಆರಂಭದಲ್ಲಿ ಮರಿ ಬೆರಳ ತುದಿಯಲ್ಲಿ ಕೂರುವಷ್ಟೇ ಇರುತ್ತದೆ. ಬೆಳೆದಾಗ ಕಾಲು ಚಾಚಿದರೆ ಅಂಗೈ ತುಂಬುತ್ತದೆ.

ಜೇಡಕ್ಕೆ ಒಳಗೆ ಎಲುಬಿಲ್ಲ, ಹೊರಗಿನ ಚಿಪ್ಪೇ ಆಧಾರ. ಆ ಗಟ್ಟಿ ಚಿಪ್ಪು ಮೈ ಬೆಳೆದಂತೆ ಹಿಗ್ಗುವುದಿಲ್ಲ. ಆದ್ದರಿಂದ ಅದರಡಿಯಲ್ಲೇ ಹೊಸ ಚಿಪ್ಪು ಮೂಡುತ್ತದೆ, ಹಳೆಯದು ಪೊರೆಯಾಗಿ ಕಳಚುತ್ತದೆ. ಮರಿಗಳು ಆಗಾಗ ಪೊರೆ ಬಿಡುತ್ತವೆ. ಬೆಳೆದ ಹೆಣ್ಣು ವರ್ಷಕ್ಕೊಮ್ಮೆಯೋ ಇನ್ನೂ ತಡವಾಗಿಯೋ ಬಿಡುತ್ತದೆ.

ಮುನ್ಸೂಚನೆ ಸಿಗುತ್ತದೆ. ಜೇಡ ಊಟ ಬಿಡುತ್ತದೆ. ಹೊಟ್ಟೆಯ ಮೇಲೆ ರೋಮ ಉದುರಿದ ಜಾಗವಿದ್ದರೆ ಅದು ಕಪ್ಪಾಗುತ್ತದೆ. ಕೊನೆಗೆ ನೆಲದ ಮೇಲೆ ರೇಷ್ಮೆಯ ಹಾಸು ನೇಯ್ದು, ಅಂಗಾತ ಮಲಗುತ್ತದೆ. ಹೊಸಬರು ಸತ್ತಿತೆಂದು ಗಾಬರಿಯಾಗುವುದು ಇಲ್ಲೇ. ಸಾಯುವ ಜೇಡ ಸಾಮಾನ್ಯವಾಗಿ ಕಾಲುಗಳನ್ನು ಅಡಿಗೆ ಮಡಚಿಕೊಂಡು ನಿಂತಲ್ಲೇ ಕುಸಿಯುತ್ತದೆ. ಹೀಗೆ ಅಂಗಾತವಾಗುವುದು ಪೊರೆ ಬಿಡಲು. ಹೊಟ್ಟೆಯ ದ್ರವ ಮುಂದಕ್ಕೆ ಒತ್ತಿಬಂದು ತಲೆಯ ಮೇಲಿನ ಚಿಪ್ಪಿನ ಅಂಚು ಬಿರಿಯುತ್ತದೆ. ಆಮೇಲೆ ಕೈಗವಸಿನಿಂದ ಬೆರಳು ಎಳೆದಂತೆ ಎಂಟು ಕಾಲುಗಳನ್ನೂ ಮೆಲ್ಲಮೆಲ್ಲನೆ ಹೊರಗೆಳೆಯುತ್ತದೆ. ಹೊಸ ಕೋರೆಗಳು ಹಾಲಿನಂತೆ ಬೆಳ್ಳಗಿರುತ್ತವೆ, ಕಚ್ಚಲಾರವು. ಈ ಹೊತ್ತಿನಲ್ಲಿ ಸಹಾಯಕ್ಕೆಂದು ಕೈ ಹಾಕಬಾರದು. ಪೆಟ್ಟಿಗೆಯಲ್ಲಿ ಬಿಟ್ಟಿದ್ದ ಮಿಡತೆ, ಜಿರಲೆಗಳನ್ನು ಮೊದಲೇ ತೆಗೆದಿರಬೇಕು, ಏಕೆಂದರೆ ಮೆತ್ತಗಿನ ಜೇಡವನ್ನೇ ಅವು ಕಚ್ಚಿಯಾವು. ಬಟ್ಟಲಲ್ಲಿ ನೀರಿದ್ದರೆ ಸಾಕು. ಕೋರೆ ಕಪ್ಪಾದ ಮೇಲೆಯೇ ಊಟ.

ಬಿದ್ದ ಪೊರೆಯನ್ನು ಎಸೆಯಬೇಡಿ. ಸೋಪಿನ ನೀರಲ್ಲಿ ನೆನೆಸಿ, ಹೊಟ್ಟೆಯ ಭಾಗವನ್ನು ಬಿಡಿಸಿ ಭೂತಗನ್ನಡಿಯಲ್ಲಿ ನೋಡಿದರೆ ಹೆಣ್ಣಾದಲ್ಲಿ ವೀರ್ಯ ಕೂಡಿಡುವ ಪುಟ್ಟ ಚೀಲದ ಒಳಪದರ ಕಾಣುತ್ತದೆ. ಹೆಣ್ಣು ಪೊರೆ ಬಿಟ್ಟಾಗ ಒಳಪದರದ ಜೊತೆ ಕೂಡಿಟ್ಟ ವೀರ್ಯವೂ ಹೋಗುತ್ತದೆ, ಮತ್ತೆ ಗಂಡು ಬೇಕು.

ಗಂಡಿಗೆ ಪ್ರಾಯ ಬಂದದ್ದು ಕೊನೆಯ ಪೊರೆಯಲ್ಲಿ ತಿಳಿಯುತ್ತದೆ. ಮುಂಗಾಲುಗಳ ಒಳಬದಿಯಲ್ಲಿ ಕೊಕ್ಕೆ ಮೂಡುತ್ತದೆ. ಕೂಡುವಾಗ ಹೆಣ್ಣಿನ ಕೋರೆಗಳನ್ನು ಹಿಡಿದು ತಡೆಯಲು ಅದು ಬೇಕು. ಆ ನಂತರ ಗಂಡಿನ ಆಯುಸ್ಸು ಹೆಚ್ಚೆಂದರೆ ವರ್ಷದ ಆಸುಪಾಸು. ಅದರ ಜೊತೆ ಹುಟ್ಟಿದ ಹೆಣ್ಣು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬದುಕಬಲ್ಲದು. ಸಾಕಲು ಹೊರಟವರು ಇದನ್ನು ಮೊದಲೇ ಯೋಚಿಸಬೇಕು.

ಕಾಡಿನಿಂದ ಹಿಡಿದು ಮಾರುವವರ ದೆಸೆಯಿಂದ ಈ ಮೆಕ್ಸಿಕೋ ಜೇಡ 1985ರಲ್ಲೇ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿ ಸೇರಿತು. ಭಾರತ, ಶ್ರೀಲಂಕಾಗಳ ಮರದ ಪೊಟರೆಗಳಲ್ಲಿ ಬಾಳುವ ಪೊಯೆಸಿಲೊಥೀರಿಯಾ ಜೇಡಗಳೂ 2019ರಲ್ಲಿ ಸೇರಿದವು. ನಮ್ಮ ಪಶ್ಚಿಮಘಟ್ಟದಲ್ಲೂ ಅವು ಇವೆ. ಕಾಡಿನಲ್ಲಿ ಕಂಡರೆ ದಯವಿಟ್ಟು ಹಿಡಿಯಬೇಡಿ, ಹಿಡಿದು ಮಾರುವವರಿಂದ ಕೊಳ್ಳಬೇಡಿ.