ಹೋಗಿ ಬರ್ತೀನಿ



ಬೆಳಗಿನ ಹೊತ್ತು ಎಷ್ಟೋ ಮನೆಗಳಲ್ಲಿ ಒಂದು ಪುಟ್ಟ ಚೀಲ ತುಂಬುತ್ತಿರುತ್ತದೆ. ಎರಡು ಜೊತೆ ಚಡ್ಡಿ, ಒಂದು ಟವೆಲ್ಲು, ಮುಚ್ಚಳ ಸಡಿಲವಾದ ನೀರಿನ ಬಾಟಲಿ, ಡಬ್ಬಿಯಲ್ಲಿ ಹಿಸುಕಿದ ಅನ್ನ. ಅಮ್ಮನಿಗೆ ಒಂಬತ್ತಕ್ಕೆ ಕೆಲಸ. ಅದಕ್ಕೂ ಮುಂಚೆ ಕೂಸನ್ನು ಶಿಶುವಿಹಾರಕ್ಕೆ ಬಿಡಬೇಕು. ದಾರಿಯುದ್ದ ನಗುತ್ತ, ನಾಯಿ ಕಾಗೆಗಳನ್ನು ಮಾತಾಡಿಸುತ್ತ ಬಂದ ಕೂಸು, ಹೊಸ್ತಿಲು ಕಂಡ ಕೂಡಲೇ ಸೆರಗು ಹಿಡಿದು ಜಗ್ಗುತ್ತದೆ. ಆಗ ಅಮ್ಮ ಹೇಳುವ ಮಾತು ಒಂದೇ: "ಹೋಗಿ ಬರ್ತೀನಿ ಕಂದ."

ಈ ಮಾತನ್ನು ನಾವೆಲ್ಲ ದಿನವೂ ಆಡುತ್ತೇವೆ. ಮನೆಯಿಂದ ಹೊರಡುವವರು ಬರೀ "ಹೋಗ್ತೀನಿ" ಅಂದರೆ ಅಜ್ಜಿ ಗದರುತ್ತಾಳೆ: "ಬಿಡ್ತು ಅನ್ನು. ಹೋಗಿ ಬರ್ತೀನಿ ಅನ್ನು." ಹೋಗುವುದರ ಬೆನ್ನಿಗೇ ಬರುವುದನ್ನು ಕಟ್ಟಿ ಕಳಿಸುವುದು ನಮ್ಮ ಪದ್ಧತಿ. ಆದರೆ ಶಿಶುವಿಹಾರದ ಬಾಗಿಲಲ್ಲಿ ಈ ಗಂಟು ಬಿಚ್ಚಿಹೋಗುತ್ತದೆ. ಒಂದೂವರೆ ವರ್ಷದ ಕೂಸಿಗೆ ಕೇಳಿಸುವುದು "ಹೋಗಿ" ಅನ್ನುವುದಷ್ಟೇ. ಅದಕ್ಕೆ ಗಡಿಯಾರ ಗೊತ್ತಿಲ್ಲ, ಸಂಜೆ ಅಂದರೇನೆಂದು ಗೊತ್ತಿಲ್ಲ. ಕಣ್ಣಿಗೆ ಕಾಣದ ಅಮ್ಮ ತಿರುಗಿ ಬರುತ್ತಾಳೆ ಎಂಬುದು ಅದು ಇನ್ನೂ ಕಲಿಯಬೇಕಾದ ಪಾಠ. ಅ ಆ ಇ ಈ ಕಲಿಯುವುದಕ್ಕಿಂತ ಮುಂಚಿನ ಪಾಠ ಅದು.

ಈ ಪಾಠವನ್ನು ಕಲಿಸುವುದು ಹೇಗೆ? ನುರಿತ ಟೀಚರಮ್ಮಂದಿರಿಗೆ ಗೊತ್ತು. ಮೊದಲ ದಿನವೇ ಕೂಸನ್ನು ಕಿತ್ತುಕೊಂಡು ಬಾಗಿಲು ಹಾಕಬಾರದು. ಎರಡು ಮೂರು ದಿನ ಅಮ್ಮನೂ ಗೋಡೆಗೊರಗಿ ಅಲ್ಲೇ ಕೂರಲಿ. ಆಮೇಲೆ ಅರ್ಧ ಗಂಟೆ ಹೊರಗೆ ಹೋಗಿ ಬರಲಿ. ಆಮೇಲೆ ಊಟದ ತನಕ. ಅಮ್ಮನ ಹಳೇ ಸೀರೆಯ ಒಂದು ತುಂಡು ಕೂಸಿನ ಜೊತೆಗಿರಲಿ. ಮಧ್ಯಾಹ್ನ ನಿದ್ದೆ ಹತ್ತುವಾಗ ಆ ವಾಸನೆ ಬೇಕು. ಎಲ್ಲಕ್ಕಿಂತ ಮುಖ್ಯ, ಕಣ್ಣು ತಪ್ಪಿಸಿ ಹೋಗಬಾರದು. "ಅಲ್ನೋಡು ಗುಬ್ಬಿ" ಎಂದು ತೋರಿಸಿ ಹಿಂಬಾಗಿಲಿಂದ ಜಾರಿಕೊಂಡರೆ ಅಳು ಹತ್ತು ನಿಮಿಷ ತಡವಾಗಬಹುದು. ಆದರೆ ಮಾರನೇ ದಿನದಿಂದ ಆ ಕೂಸು ಗುಬ್ಬಿಯನ್ನೂ ನಂಬುವುದಿಲ್ಲ. ಹೇಳಿ ಹೋದರೆ ಅಳುತ್ತದೆ, ನಿಜ. ಸಂಜೆ ಅಮ್ಮ ಬಂದಾಗ ಆ ಅಳುವಿಗೆ ಒಂದು ಉತ್ತರ ಸಿಗುತ್ತದೆ. ಹದಿನೈದು ಇಪ್ಪತ್ತು ದಿನ ಹೀಗೆ ಉತ್ತರ ಸಿಕ್ಕಿದ ಮೇಲೆ, ಒಂದು ಬೆಳಿಗ್ಗೆ ಕೂಸು ತಾನೇ ಕೈಬೀಸುತ್ತದೆ. ಅವತ್ತು ಅಳುವ ಸರದಿ ಅಮ್ಮನದು.

ಇನ್ನು ಅಮ್ಮನ ಪಾಲಿಗೆ ಕಷ್ಟ ಬೇರೆ. "ಬರ್ತೀನಿ" ಅನ್ನುವುದರಲ್ಲಿ ಅವಳಿಗೆ ಅನುಮಾನವಿಲ್ಲ. "ಹೋಗಿ" ಅನ್ನುವುದೇ ನಾಲಿಗೆಗೆ ಬರುವುದಿಲ್ಲ. ನೆರೆಹೊರೆಯ ಒಂದು ಮಾತು ಸಾಕು, "ಇಷ್ಟು ಎಳೇ ಮಗೂನ ಬಿಟ್ಟು ಹೋಗ್ತೀಯಾ?" ಎಂದು. ಹೊಲಿಗೆ ಯಂತ್ರದ ಮುಂದೆ ಕುಳಿತಾಗಲೂ, ಕಾಫಿ ತೋಟದಲ್ಲಿ ಹಣ್ಣು ಬಿಡಿಸುವಾಗಲೂ ಆ ಮಾತು ಕಿವಿಯಲ್ಲಿ ಗುಂಯ್ ಅನ್ನುತ್ತಿರುತ್ತದೆ. ಅದಕ್ಕೇ ಸಂಜೆ ಬಾಗಿಲಿಗೆ ಬಂದ ತಾಯಿ ಮೊದಲು ಕೇಳುವುದು ಮೂರೇ ಪ್ರಶ್ನೆ: ಉಂಡಿತಾ? ಮಲಗಿತಾ? ಅತ್ತಿತಾ? ಇದಕ್ಕೆ "ಹೂಂ, ಎಲ್ಲಾ ಸರಿ" ಅನ್ನುವುದು ಸುಲಭ. ಒಳ್ಳೆಯ ಶಿಶುವಿಹಾರದಲ್ಲಿ ಬರುವ ಉತ್ತರ ಬೇರೆ. "ಬೆಳಿಗ್ಗೆ ಅರ್ಧ ಗಂಟೆ ಅತ್ತಳು. ಆಮೇಲೆ ಮರಳಲ್ಲಿ ಕೂತಳು. ಸಾರನ್ನ ಎರಡು ಸಲ ಕೇಳಿ ಹಾಕಿಸಿಕೊಂಡಳು. ಇವತ್ತು ಚೆಂಡಿಗೆ ತಂಡು ಅಂದಳು." ಅಮ್ಮನಿಗೆ ತಪ್ಪಿಹೋದ ಎಂಟು ಗಂಟೆ ಆ ನಾಲ್ಕು ಮಾತಿನಲ್ಲಿ ಅವಳ ಕೈಗೆ ಬರುತ್ತದೆ.

ಶಿಶುವಿಹಾರ ಮನೆಯ ಆಸರೆಗೆ ನಿಲ್ಲುವುದು ಅಂದರೆ ಇದೇ. ಇದಕ್ಕಿಂತ ಆಳಕ್ಕೆ ಹೋಗುವುದೂ ಇದೆ. ನಮ್ಮ ಅಂಗನವಾಡಿಗಳಲ್ಲಿ ತೂಕದ ದಿನ ಎಂದು ಬರುತ್ತದೆ. ಮಗುವನ್ನು ತೂಗಿ ಬೆಳವಣಿಗೆಯ ಪಟದಲ್ಲಿ ಒಂದು ಚುಕ್ಕಿ ಇಡುತ್ತಾರೆ. ಚುಕ್ಕಿಗಳು ಸೇರಿ ಗೆರೆಯಾಗುತ್ತವೆ. ಎಡತೋಳಿಗೆ ಮೂರು ಬಣ್ಣದ ಪಟ್ಟಿ ಸುತ್ತಿ ಅಳೆಯುತ್ತಾರೆ. ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಪಟ್ಟಿ ಕೆಂಪು ತೋರಿಸುತ್ತದೆ. ಆದರೆ ಕೆಂಪು ಯಾಕೆ ಬಂತು ಎಂದು ಪಟ್ಟಿ ಹೇಳುವುದಿಲ್ಲ. ಅದನ್ನು ಟೀಚರು ಮನೆಗೆ ಹೋಗಿ ಜಗಲಿಯ ಮೇಲೆ ಕೂತು ತಿಳಿಯಬೇಕು. ಅಪ್ಪ ಕೆಲಸ ಕಳೆದುಕೊಂಡಿರಬಹುದು. ತಾಯಿ ಮತ್ತೆ ಬಸುರಿಯಾಗಿರಬಹುದು. ವಾರದಿಂದ ಭೇದಿಯಿದ್ದು ಯಾರಿಗೂ ಹೇಳದೆ ಇದ್ದಿರಬಹುದು. ತೀರಾ ಬಡಕಲಾಗಿ ಕಾಯಿಲೆಬಿದ್ದ ಮಗುವನ್ನು ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿದಾಗ, ಜೊತೆಗೆ ಉಳಿಯುವ ತಾಯಿಗೆ ಕೂಲಿ ನಷ್ಟ ತುಂಬಿಕೊಡುವ ಏರ್ಪಾಡೂ ಇದೆ. ಮಗುವಿನ ತೂಕವೂ ಅಮ್ಮನ ಕೂಲಿಯೂ ಒಂದೇ ತಕ್ಕಡಿಯಲ್ಲಿ ತೂಗುತ್ತಿವೆ ಎಂದು ಬಲ್ಲವರು ಮಾಡಿದ ಏರ್ಪಾಡು ಅದು.

ಆ ತಕ್ಕಡಿಯಲ್ಲಿ ಇನ್ನೊಬ್ಬಳೂ ಇದ್ದಾಳೆ. ಅಕ್ಕ. ಎಂಟು ವರ್ಷದವಳು, ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು ಒಂದು ಸೊಂಟ ವಾಲಿಸಿ ನಿಂತವಳು. ಅವಳನ್ನು ನೀವೂ ನೋಡಿದ್ದೀರಿ. ಅಮ್ಮ ಕೆಲಸಕ್ಕೆ ಹೋದರೆ ಶಾಲೆ ತಪ್ಪುವುದು ಅವಳಿಗೆ. ಊರಿನಲ್ಲಿ ಒಂದು ಶಿಶುವಿಹಾರ ತೆರೆದರೆ ತೊಟ್ಟಿಲಿಗೊಂದು ಜಾಗ ಸಿಗುತ್ತದೆ. ಅದೇ ದಿನ ಮೂರನೇ ತರಗತಿಯ ಬೆಂಚಿಗೆ ಅಕ್ಕನೂ ಬರುತ್ತಾಳೆ.

ಇಂಥ ಶಿಶುವಿಹಾರಗಳ ಹಿಂದಿನ ಕಥೆಯೂ ಸ್ವಾರಸ್ಯವಾಗಿದೆ. 1969ರಲ್ಲಿ ದೆಹಲಿಯ ರಾಜಘಾಟಿನ ಬಳಿ ಗಾಂಧಿ ಶತಮಾನೋತ್ಸವದ ಪ್ರದರ್ಶನಕ್ಕೆ ಕಟ್ಟಡಗಳು ಏಳುತ್ತಿದ್ದವು. ಕೂಲಿ ಹೆಂಗಸರ ಮಕ್ಕಳು ಜಲ್ಲಿ ಮಣ್ಣಿನ ನಡುವೆ ಬಿದ್ದುಕೊಂಡಿದ್ದನ್ನು ಮೀರಾ ಮಹಾದೇವನ್ ಎಂಬುವವರು ಕಂಡರು. ಅಲ್ಲೇ ಒಂದು ಡೇರೆ ಹಾಕಿಸಿ ಮಕ್ಕಳನ್ನು ಸೇರಿಸಿದರು. ಮೊಬೈಲ್ ಕ್ರೆಷಸ್ ಎಂಬ ಸಂಸ್ಥೆ ಹುಟ್ಟಿದ್ದು ಹಾಗೆ. ಕೆಲಸ ಎಲ್ಲಿಗೆ ಹೋದರೆ ತೊಟ್ಟಿಲೂ ಅಲ್ಲಿಗೆ. ಆರು ವರ್ಷದ ಮೇಲೆ, 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ, ಅಂಗನವಾಡಿಗಳನ್ನು ತಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಅದು ಬಂದದ್ದು ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರಕ್ಕೆ. 2023ರಲ್ಲಿ ರಾಜ್ಯ ಬಜೆಟ್ಟು 4,000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರಗಳನ್ನು ತೆರೆಯುವುದಾಗಿ ಹೇಳಿತು. ಅದಕ್ಕಿಟ್ಟ ಹೆಸರು ಕೇಳಿದರೇ ಮಡಿಲು ಬೆಚ್ಚಗಾಗುತ್ತದೆ: ಕೂಸಿನ ಮನೆ.

ಈ ವರ್ಷಗಳ ನಡುವೆ ಒಂದು ಕಾನೂನಿನ ಸಾಲು ಬಂತು. ನನಗೆ ಬಹಳ ಇಷ್ಟವಾದದ್ದು. 2005ರ ಉದ್ಯೋಗ ಖಾತರಿ ಕಾಯ್ದೆ ಮಾಡಿದವರು ಹೀಗೊಂದು ನಿಯಮ ಹಾಕಿದರು: ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ತಾಯಂದಿರ ಜೊತೆ ಬಂದರೆ, ಆ ಹೆಂಗಸರಲ್ಲಿ ಒಬ್ಬಳನ್ನು ಮಕ್ಕಳನ್ನು ನೋಡಿಕೊಳ್ಳಲು ನೇಮಿಸಬೇಕು, ಅವಳಿಗೂ ಕೂಲಿ ಕೊಡಬೇಕು. ಕೆರೆಯ ಹೂಳೆತ್ತುವುದು ಕೆಲಸ. ಕೂಸಿನ ಮೂಗು ಒರೆಸಿ, ಉಣಿಸಿ, ಮಲಗಿಸುವುದೂ ಕೆಲಸ. ಸಾವಿರಾರು ವರ್ಷ ಹೆಂಗಸರು ಬಿಟ್ಟಿಯಾಗಿ ಮಾಡಿಕೊಂಡು ಬಂದದ್ದಕ್ಕೆ ಹಾಜರಿ ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿತು.

ಆದರೆ ಆ ಸಾಲಿನ ಎದುರಿಗೆ ಬರೆಯುವ ಮೊತ್ತ? ಇದೇ ಕೆಲಸ ಮಾಡುವ ಅಂಗನವಾಡಿ ಕಾರ್ಯಕರ್ತೆಗೆ, ಸಹಾಯಕಿಗೆ ಕೊಡುವುದನ್ನು ನಾವು ಇಂದಿಗೂ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತೇವೆ. ಇವರೂ ಗ್ರಾಚುಟಿಗೆ ಅರ್ಹರು ಎಂಬ ಮಾತನ್ನು ಸುಪ್ರೀಂ ಕೋರ್ಟಿನಿಂದ ಕೇಳಲು 2022ರ ಏಪ್ರಿಲ್ ತನಕ ಕಾಯಬೇಕಾಯಿತು. ಹೆಸರಲ್ಲಿ ಗೌರವವಿದೆ, ಧನ ಸಣ್ಣದು.

ಸಂಜೆ ಐದೂವರೆಗೆ ಯಾವುದಾದರೂ ಶಿಶುವಿಹಾರದ ಮುಂದೆ ಹಾದುಹೋಗಿ ನೋಡಿ. ಚಾಪೆ ಸುತ್ತಿಟ್ಟಿರುತ್ತಾರೆ. ಆಟದ ಸಾಮಾನು ಬುಟ್ಟಿ ಸೇರಿರುತ್ತದೆ. ಮೆಟ್ಟಿಲ ಮೇಲೆ ಇಬ್ಬರು: ಆಯಾ, ಮತ್ತು ಯಾರೂ ಇನ್ನೂ ಕರೆದುಕೊಂಡು ಹೋಗದ ಒಂದೇ ಒಂದು ಮಗು. ಪ್ರತಿ ಸ್ಕೂಟರಿನ ಸದ್ದಿಗೂ ಮಗು ತಲೆ ಎತ್ತುತ್ತದೆ. "ಬಂದ್ರು ಬಂದ್ರು" ಎಂದು ಆಯಾ ಹತ್ತನೇ ಸಲ ಹೇಳುತ್ತಾಳೆ. ಅಮ್ಮ ಬಸ್ಸಿನಲ್ಲಿ ನಿಂತು ಒದ್ದಾಡುತ್ತಿರುತ್ತಾಳೆ. ಅವಳ ಪಾಳಿ ಮುಗಿಯುವ ಹೊತ್ತಿಗೂ ಶಿಶುವಿಹಾರ ಮುಚ್ಚುವ ಹೊತ್ತಿಗೂ ಹೊಂದಾಣಿಕೆಯಿಲ್ಲ. ಇದು ತಾಯಿಯ ತಪ್ಪಲ್ಲ, ಆಯಾಳದೂ ಅಲ್ಲ. ಎರಡು ಗಡಿಯಾರಗಳನ್ನು ಒಂದು ಮಾಡಬೇಕಾದವರು ಕಾರ್ಖಾನೆಯ ಮಾಲೀಕರು, ಸರ್ಕಾರ, ಮತ್ತು ಆ ಮಗುವಿನ ಅಪ್ಪ.

ಆ ಮೆಟ್ಟಿಲ ಮೇಲೆ ಕೂತವಳ ಮನೆಯಲ್ಲೂ ಮಕ್ಕಳಿದ್ದಾರೆ. ಬೆಳಿಗ್ಗೆ ಅವರಿಗೂ ಅವಳು ಅದೇ ಮಾತು ಹೇಳಿ ಬಂದಿದ್ದಾಳೆ. ಬೇರೆಯವರು ಕೊಟ್ಟ ಮಾತನ್ನು ಉಳಿಸುವುದಕ್ಕೆಂದು ಅವಳು ತನ್ನ ಮಾತಿಗೆ ತಡವಾಗುತ್ತಿದ್ದಾಳೆ.

ಹಾಗಾಗಿ ಇವತ್ತು, ವಿಶೇಷವಾಗಿ ಅಪ್ಪಂದಿರಲ್ಲಿ, ಒಂದು ಕೋರಿಕೆ. ನಿಮ್ಮ ಮನೆಯ ಕೂಸು ಶಿಶುವಿಹಾರಕ್ಕೋ ಅಂಗನವಾಡಿಗೋ ಹೋಗುತ್ತಿದ್ದರೆ, ಸಂಜೆ ನೀವೇ ಹೋಗಿ ಕರೆತನ್ನಿ. ಎಷ್ಟು ಅಕ್ಷರ ಕಲಿಸಿದಿರಿ ಎಂದು ಕೇಳಬೇಡಿ. ಉಂಡಿತಾ, ಮಲಗಿತಾ, ನಕ್ಕಿತಾ ಎಂದು ಕೇಳಿ, ಉತ್ತರ ಮುಗಿಯುವ ತನಕ ನಿಂತು ಕೇಳಿಸಿಕೊಳ್ಳಿ. ಹೇಳಿದವಳಿಗೆ "ನಿಮ್ಮದು ಊಟ ಆಯ್ತಾ" ಅನ್ನಿ. ಹೇಳಿದ ಹೊತ್ತಿಗಿಂತ ಐದು ನಿಮಿಷ ಮುಂಚೆಯೇ ಬಾಗಿಲಲ್ಲಿರಿ.