ಎರಡು ಎಡೆಯ ಮನೆ



ಬೇರೆ ಬೇರೆ ಸೀಮೆಯ ಇಬ್ಬರು ಮದುವೆಯಾಗಿ ಒಂದೇ ಸೂರಿನಡಿ ಬಾಳುವಾಗ ದಿನದಿನವೂ ಎದುರಾಗುವ ರೂಢಿ, ನಂಬಿಕೆ, ಅಂಜಿಕೆಗಳು ಇಂದಿನ ಉಪನ್ಯಾಸದ ವಿಷಯ. ಮಹಾರಾಷ್ಟ್ರದ ಜೇಜುರಿಯಲ್ಲಿ ನಿಂತು ಈ ಮಾತು ಆಡುವವರು ಉದಾಹರಣೆಗೆ ದೂರ ಹೋಗಬೇಕಿಲ್ಲ. ಇಲ್ಲಿನ ಗಡದ ಮೇಲಿನ ದೇವರು ಖಂಡೋಬನ ಸಂಸಾರವೇ ಅಂಥದು.

ಖಂಡೋಬನ ಮೊದಲ ಹೆಂಡತಿ ಮ್ಹಾಳಸಾ, ನೇವಾಸೆಯ ಲಿಂಗಾಯತ ವಾಣಿ ವ್ಯಾಪಾರಿಯ ಮಗಳು. ಸಾತಾರಾ ಜಿಲ್ಲೆಯ ಪಾಲಿಯಲ್ಲಿ ಪುಷ್ಯ ಮಾಸದಲ್ಲಿ ಅವರ ಮದುವೆ ಇಂದಿಗೂ ವರ್ಷವರ್ಷ ನಡೆಯುತ್ತದೆ. ಎರಡನೆಯವಳು ಬಾಣಾಯಿ, ಕುರಿಗಾಹಿ ಧನಗರರ ಹುಡುಗಿ. ದೇವರು ಪಗಡೆಯಲ್ಲಿ ಮ್ಹಾಳಸೆಗೆ ಸೋತು, ಹನ್ನೆರಡು ವರ್ಷ ಮನೆ ಬಿಟ್ಟು, ವೇಷ ಮರೆಸಿಕೊಂಡು ಬಾಣಾಯಿಯ ತಂದೆಯ ಕುರಿ ಕಾದನೆಂದು ಹಾಡುತ್ತಾರೆ. ಮರಳಿ ಬರುವಾಗ ಜೊತೆಗೆ ಅವಳಿದ್ದಳು. ಮನೆಯಲ್ಲಿ ಮ್ಹಾಳಸೆ ಇದ್ದಳು.

ಮುಂದಿನದನ್ನು ಖಂಡೋಬನ ಭಕ್ತ ಗಾಯಕರಾದ ವಾಘ್ಯಾ–ಮುರಳಿಯರು ಜಾಗರಣೆಯ ರಾತ್ರಿ ಹಾಡುತ್ತಾರೆ. ಮ್ಹಾಳಸೆ ಅಡುಗೆಯಲ್ಲಿ ಜಾಣೆ, ಮಡಿಯವಳು. ಬಾಣಾಯಿಗೆ ಒಲೆಯ ಮುಂದಿನ ಕೆಲಸವೇ ಗೊತ್ತಿಲ್ಲ, ಮೈಯಲ್ಲಿ ಕುರಿಯ ವಾಸನೆ. ಜಗಳ ಅಲ್ಲಿಂದಲೇ ಶುರು. ಹೈಡೆಲ್‌ಬರ್ಗಿನ ವಿದ್ವಾಂಸ ಗುಂತರ್ ಸೊಂಥೈಮರ್ (1934–1992) ಬದುಕಿನ ಬಹುಭಾಗವನ್ನು ಈ ದೇವರ, ಈ ಧನಗರರ ಅಧ್ಯಯನಕ್ಕೇ ಕೊಟ್ಟವರು. ಒಬ್ಬಳಲ್ಲಿ ನೆಲೆನಿಂತ ಊರು, ಇನ್ನೊಬ್ಬಳಲ್ಲಿ ಅಲೆಯುವ ಕಾಡು ಎಂದು ಅವರಂಥ ವಿದ್ವಾಂಸರು ಈ ಜೋಡಿಯನ್ನು ಅರ್ಥ ಮಾಡಿಕೊಳ್ಳುವುದುಂಟು. ಅದು ಸರಿಯೇ. ಆದರೆ ಹಾಡನ್ನು ಕೇಳುತ್ತ ಕೂತ ಹೆಂಗಸರಿಗೆ ಊರು ಕಾಡು ಕಾಣುವುದಿಲ್ಲ. ತಮ್ಮ ಮನೆಯ ಅಡುಗೆಕೋಣೆ ಕಾಣುತ್ತದೆ. ಹೊಸದಾಗಿ ಬಂದವಳ ಕೈರುಚಿ, ಅವಳು ಪಾತ್ರೆ ಇಡುವ ರೀತಿ, ಅವಳು ತವರಿನಿಂದ ತಂದ ಅಂಜಿಕೆ ಎಲ್ಲವನ್ನೂ ತೂಗಿ ನೋಡುವ ಜಾಗ ಅದು.

ಗಡದವರು ಈ ಜಗಳವನ್ನು ಬಗೆಹರಿಸಿದ ರೀತಿಯನ್ನು ಗಮನಿಸಿ. ಮ್ಹಾಳಸೆ ಮೇಲೆ ಗರ್ಭಗುಡಿಯಲ್ಲಿ ಗಂಡನ ಮಗ್ಗುಲಲ್ಲಿದ್ದಾಳೆ. ಬಾಣಾಯಿಯ ಗುಡಿ ಮೆಟ್ಟಿಲ ನಡುದಾರಿಯಲ್ಲಿದೆ. ಮೇಲೆ ಹೋಳಿಗೆಯ ನೈವೇದ್ಯ. ಚಂಪಾಷಷ್ಠಿಗೆ ಬದನೆಕಾಯಿಯ ಭರಿತ, ಜೊತೆಗೆ ರೋಡಗಾ ಎಂಬ ಖಾದ್ಯ. ಮಾಂಸದ ಎಡೆ ಬಾಣಾಯಿಯ ಹೆಸರಿನಲ್ಲಿ, ಗರ್ಭಗುಡಿಯಿಂದ ದೂರದಲ್ಲಿ. ಯಾರ ಊಟವನ್ನೂ ಯಾರೂ ಬಿಡಿಸಲಿಲ್ಲ. ಇದು ದೊಡ್ಡ ಮಾತು ಎಂದೇ ನಾನು ತಿಳಿದಿದ್ದೇನೆ. ಆದರೂ ನನಗೆ ಪೂರ್ಣ ಸಮಾಧಾನವಿಲ್ಲ. ಒಲಿದು ಬಂದವಳಿಗೆ ಗುಡ್ಡದ ಅರ್ಧವೇ ಏಕೆ? ಮನೆಗೆ ಕರೆತಂದ ಮೇಲೂ ನಡುದಾರಿಯಲ್ಲಿ ನಿಲ್ಲಿಸುವ ಈ ಪದ್ಧತಿ ದೇವರ ಮನೆಯಲ್ಲಷ್ಟೇ ಉಳಿದಿಲ್ಲ ಎಂಬುದು ಇಲ್ಲಿರುವ ಅನೇಕ ಸೊಸೆಯಂದಿರಿಗೆ ಗೊತ್ತು.

ಈ ದೇವರು ಕನ್ನಡಿಗರಾದ ನಮಗೆ ಪರಕೀಯನಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರ, ರಾಣೇಬೆನ್ನೂರಿನ ದೇವರಗುಡ್ಡ, ಬೀದರಿನ ಬಳಿಯ ಖಾನಾಪುರ, ಬೆಳಗಾವಿ ಜಿಲ್ಲೆಯ ಮಂಗಸೂಳಿ ಎಲ್ಲೆಡೆ ಅವನೇ. ಇಲ್ಲಿನ ಭಂಡಾರವೇ ಅಲ್ಲಿನ ಭಂಡಾರ, ಇಲ್ಲಿನ ‘ಯೇಳಕೋಟ’ ಘೋಷವೇ ಅಲ್ಲಿನ ‘ಏಳುಕೋಟಿ’. ಮೈಲಾರದಲ್ಲೂ ಗಂಗಿಮಾಳಮ್ಮನ ಜೊತೆಗೆ ಕುರುಬರ ಮನೆಯ ಹೆಂಡತಿ ಇದ್ದಾಳೆ. ತೆಲಂಗಾಣದ ಕೊಮುರವೆಲ್ಲಿ ಮಲ್ಲನ್ನನಿಗೆ ಬಲಿಜ ಮನೆಯ ಮೇಡಲಮ್ಮ, ಗೊಲ್ಲರ ಕೇತಮ್ಮ. ಜೇಜುರಿಯ ಹಾಡುಗಳಲ್ಲಿ ಇನ್ನೂ ಮೂವರು ಬರುತ್ತಾರೆ: ಸಿಂಪಿಗರ ರಂಭಾಯಿ, ಮಾಳಿಯರ ಫುಲಾಯಿ, ಗಾಣಿಗರ ಚಂದಾಯಿ. ಈ ಚಂದಾಯಿಯನ್ನು ಮುಸಲ್ಮಾನರು ತಮ್ಮವಳೆಂದೇ ಎಣಿಸುತ್ತಾರೆ. ಭಕ್ತರ ಒಂದೊಂದು ಸಮುದಾಯವೂ ದೇವರಿಗೆ ಹೆಣ್ಣು ಕೊಟ್ಟು ಬೀಗತನ ಬೆಳೆಸಿದೆ.

ದೇವರಿಗೆ ಇಷ್ಟು ಸಲೀಸಾದದ್ದು ಗಡಿಸೀಮೆಯ ಮನುಷ್ಯರಿಗೆ ಸಲೀಸಾಗಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಬೆಳಗಾವಿಗಳಲ್ಲಿ ಕನ್ನಡ–ಮರಾಠಿ ಮದುವೆ ಹೊಸದಲ್ಲ. ಭಾಷೆ ಆರು ತಿಂಗಳಲ್ಲಿ ಬಂದುಬಿಡುತ್ತದೆ. ಬಾರದೆ ಉಳಿಯುವುದು ಬೇರೆ, ಯಾರು ಯಾರಿಗೆ ಆಗುತ್ತಾರೆ ಎಂಬ ಸಂಬಂಧದ ಕಟ್ಟಳೆ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1953ರಲ್ಲಿ ಪ್ರಕಟಿಸಿದ ಭಾರತೀಯ ಬಂಧುತ್ವದ ಗ್ರಂಥದಲ್ಲಿ ಮಹಾರಾಷ್ಟ್ರವನ್ನು ಉತ್ತರ ದಕ್ಷಿಣಗಳು ಕೂಡುವ ನಡುಸೀಮೆಯಾಗಿ ನೋಡಿದರು. ಕನ್ನಡದ ಎಷ್ಟೋ ಮನೆಗಳಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು ಹಕ್ಕು. ಕೇಳದಿದ್ದರೆ ಅಕ್ಕನಿಗೆ ಸಿಟ್ಟು. ಮಹಾರಾಷ್ಟ್ರದ ಬಹುಪಾಲು ಜಾತಿಗಳಲ್ಲಿ ಸೋದರಮಾವನ ಮಗಳು ಆಗುತ್ತಾಳೆ, ಅಕ್ಕನ ಮಗಳು ಆಗುವುದಿಲ್ಲ. ಅದನ್ನು ಅವರು ಪಾಪವೆಂದೇ ತಿಳಿಯುತ್ತಾರೆ. ಹಾಗಾಗಿ ಬೀಗರ ಮನೆಯ ಮೊದಲ ಊಟದಲ್ಲಿ, ‘ಇವರು ನಮ್ಮತ್ತೆಯವರು, ನಮ್ಮಜ್ಜಿಯೂ ಹೌದು’ ಎಂದು ಸೋದರಮಾವನನ್ನೇ ಮದುವೆಯಾದ ಕನ್ನಡದ ಹುಡುಗಿ ಪರಿಚಯಿಸಿದರೆ ಪಂಕ್ತಿಯಲ್ಲಿ ಕೂತವರು ತುತ್ತು ಕೈಯಲ್ಲೇ ಹಿಡಿದು ಮುಖ ಮುಖ ನೋಡಿಕೊಳ್ಳುತ್ತಾರೆ. ಹುಡುಗಿಗೆ ತಾನು ಏನು ತಪ್ಪು ಹೇಳಿದೆನೆಂದು ತಿಳಿಯದು.

ಹೆಸರಿನ ಸಂಗತಿಯೂ ಹೀಗೆಯೇ. ಮರಾಠಿ ಮದುವೆಯಲ್ಲಿ ತಟ್ಟೆಯ ಅಕ್ಕಿಯ ಮೇಲೆ ವರ ಉಂಗುರದಿಂದ ವಧುವಿನ ಹೊಸ ಹೆಸರು ಬರೆಯುವ ರೂಢಿ ಬಹಳ ಮನೆಗಳಲ್ಲಿದೆ. ಉತ್ತರ ಕರ್ನಾಟಕದ ಕೆಲವು ಮನೆಗಳಲ್ಲೂ ಉಂಟು. ಅದನ್ನು ಕಂಡರಿಯದ ಕಡೆಯಿಂದ ಬಂದವಳಿಗೆ, ಅಪ್ಪ ಅವ್ವ ಇಟ್ಟ ಹೆಸರು ಒಂದು ಬೆಳಗಿನಲ್ಲಿ ಹೋಯಿತೆಂಬ ಸಂಕಟ. ಅದೇ ಹುಡುಗಿ ಸಂಜೆ ಗಂಡನ ಹೆಸರನ್ನು ಉಖಾಣೆ ಎಂಬ ಪ್ರಾಸದ ಪದ್ಯದಲ್ಲಿ ಸೇರಿಸಿ ಹೇಳಬೇಕು ಎಂದಾಗ ನಗುತ್ತಾಳೆ. ತವರಿನ ಒಡಪು ನಾಲಿಗೆಯ ತುದಿಯಲ್ಲೇ ಇದೆಯಲ್ಲ!

ಈಗ ತುಸು ದೂರ ಹೋಗೋಣ. ಫಿಲಿಪ್ಪೀನ್ಸಿನ ಹೆಣ್ಣುಮಕ್ಕಳು ಅಮೆರಿಕ, ಆಸ್ಟ್ರೇಲಿಯ, ಯುರೋಪಿನ ಗಂಡಸರನ್ನು ಮದುವೆಯಾಗುವುದು ಹಲವು ದಶಕಗಳಿಂದ ನಡೆದುಬಂದಿದೆ. ಆ ನಾಡಿನಲ್ಲಿ ‘ಸುಕೊಬ್’ ಎಂಬ ನಂಬಿಕೆಯಿದೆ. ಒಡಹುಟ್ಟಿದವರಿಬ್ಬರ ಮದುವೆ ಒಂದೇ ವರ್ಷದಲ್ಲಿ ಆಗಬಾರದು. ತಂದೆಯೋ ತಾಯಿಯೋ ತೀರಿಕೊಂಡ ವರ್ಷದಲ್ಲೂ ಮದುವೆ ಕೂಡದು. ಮೊದಲ ಮಾತು ನಮಗೂ ಒಪ್ಪಿಗೆ, ಆರು ತಿಂಗಳೊಳಗೆ ಒಂದೇ ಮನೆಯಲ್ಲಿ ಎರಡು ಮದುವೆ ಬೇಡವೆಂದು ನಮ್ಮಜ್ಜಿಯರು ತಡೆದದ್ದುಂಟು. ಎರಡನೆಯದು ನಮ್ಮಲ್ಲಿ ಪೂರ್ತಿ ತಿರುವುಮುರುವು. ಹಿರಿಯರು ತೀರಿಕೊಂಡರೆ ವರ್ಷದೊಳಗೇ ಮದುವೆ ಮುಗಿಸಿಬಿಡಿ, ಇಲ್ಲವಾದರೆ ಮೂರು ವರ್ಷ ಕಾಯಬೇಕಾಗುತ್ತದೆ ಎಂದು ಅವಸರ ಮಾಡುತ್ತಾರೆ. ಅದೇ ಸಾವು, ಅದೇ ದುಃಖ. ಒಂದು ಕಡೆ ಮದುವೆ ನಿಲ್ಲುತ್ತದೆ, ಇನ್ನೊಂದು ಕಡೆ ಓಡುತ್ತದೆ. ಅಪರಿಚಿತರು ಮಗುವನ್ನು ಮೆಚ್ಚಿ ನೋಡಿದರೆ ಮಗುವಿಗೆ ಹುಷಾರಿಲ್ಲದಂತಾಗುತ್ತದೆ ಎಂಬುದನ್ನು ಅವರು ‘ಉಸೊಗ್’ ಎನ್ನುತ್ತಾರೆ. ನೋಡಿದವರೇ ಬೆರಳಿಗೆ ಎಂಜಲು ತಾಕಿಸಿ ಮಗುವಿನ ಹೊಟ್ಟೆಗೆ ಹಚ್ಚಬೇಕು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವ ನಮಗೆ ಅದು ವಿಚಿತ್ರವಲ್ಲ. ಪಾಶ್ಚಾತ್ಯ ಗಂಡನಿಗೆ ಮಾತ್ರ ಅದು ರೋಗಾಣುವಿನ ಪ್ರಶ್ನೆ.

ಆ ಗಂಡನನ್ನು ನಂಬಿಕೆಗಿಂತ ಹೆಚ್ಚಾಗಿ ಕಾಡುವುದು ತವರಿಗೆ ಹೋಗುವ ಹಣ. ತಮ್ಮನ ಶಾಲೆಗೆ, ತಾಯಿಯ ಔಷಧಿಗೆ ಕಳುಹಿಸುವುದು ಅವಳಿಗೆ ಧರ್ಮ. ಅವನಿಗೆ ಅದು ತಮ್ಮಿಬ್ಬರ ಸಂಸಾರದ ಲೆಕ್ಕದ ಹೊರಗಿನದು. ವಿದೇಶೀಯರನ್ನು ಮದುವೆಯಾಗಿ ಹೊರಡುವವರಿಗೆ ಫಿಲಿಪ್ಪೀನ್ಸ್ ಸರಕಾರ ಕಡ್ಡಾಯ ಸಮಾಲೋಚನೆ ಏರ್ಪಡಿಸಿದೆ. ಹಣಕ್ಕಾಗಿ ಹೆಣ್ಣನ್ನು ಹೊರದೇಶಕ್ಕೆ ಹೊಂದಿಸಿ ಕೊಡುವ ದಂಧೆಯನ್ನು 1990ರಲ್ಲೇ ಕಾಯಿದೆ ತಂದು ನಿಷೇಧಿಸಿತು. ಹೊರಡುವ ಮೊದಲು ಕೂತು ಮಾತಾಡಿ ಎಂದು ಒಂದು ನಾಡು ತನ್ನ ಹೆಣ್ಣುಮಕ್ಕಳಿಗಾಗಿ ವ್ಯವಸ್ಥೆ ಮಾಡಿದ್ದು ನನಗೆ ಬಹಳ ಹಿಡಿಸಿದೆ.

ನನ್ನ ಮುಖ್ಯ ಮಾತು ಇಷ್ಟು. ಇಂಥ ಮನೆಗಳಲ್ಲಿ ನಂಬಿಕೆ ನಿಜವೋ ಸುಳ್ಳೋ ಎಂಬ ಚರ್ಚೆ ನಡೆಯುವುದೇ ಇಲ್ಲ. ಮೊದಲಿನಿಂದ ಇದ್ದವರ ಅಂಜಿಕೆಗೆ ಪದ್ಧತಿಯ ಗೌರವ ಸಿಗುತ್ತದೆ, ಬಂದವಳ ಅಂಜಿಕೆಗೆ ಮೌಢ್ಯವೆಂಬ ಬೈಗುಳ. ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು ಎನ್ನುವ ಅತ್ತೆಯೇ, ನಾಗರಪಂಚಮಿಗೆ ಒಲೆಯ ಮೇಲೆ ಹಂಚಿಡಲು ಒಪ್ಪದ ಸೊಸೆಯನ್ನು ಹಳೇ ಕಾಲದವಳು ಎನ್ನುತ್ತಾಳೆ. ಇದು ಅನ್ಯಾಯ. ಎರಡೂ ಅಂಜಿಕೆ ಯಾರೋ ಒಬ್ಬ ತಾಯಿ ತನ್ನ ಮಗುವಿಗೆ ಕೇಡಾಗದಿರಲೆಂದು ಹೇಳಿಕೊಟ್ಟದ್ದು.

ಹಾಗೆಂದು ಎಲ್ಲ ನಂಬಿಕೆಯನ್ನೂ ಹೀಗೆ ಆದರಿಸಲಾಗದು. ಇದೇ ಜೇಜುರಿಯಲ್ಲಿ ಹರಕೆಯ ಹೆಣ್ಣುಮಕ್ಕಳನ್ನು ಖಂಡೋಬನಿಗೆ ಮದುವೆ ಮಾಡಿ ಮುರಳಿಯರನ್ನಾಗಿಸಿದರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಪುಣೆಯ ಶಿವರಾಮ ಜಾನಬಾ ಕಾಂಬಳೆ ತಮ್ಮ ‘ಸೋಮವಂಶೀಯ ಮಿತ್ರ’ ಪತ್ರಿಕೆಯಲ್ಲಿ ಇದರ ವಿರುದ್ಧ ದನಿಯೆತ್ತಿದರು, ಮುರಳಿಯರಿಗೆ ಮನುಷ್ಯರೊಂದಿಗೆ ಮದುವೆ ಮಾಡಿಸಲು ಮುಂದಾದರು. 1934ರಲ್ಲಿ ಮುಂಬಯಿ ಪ್ರಾಂತ್ಯದ ಕಾಯಿದೆ ದೇವರಿಗೆ ಹೆಣ್ಣು ಅರ್ಪಿಸುವುದನ್ನು ಅಪರಾಧವೆಂದಿತು. ನರೇಂದ್ರ ದಾಭೋಲ್ಕರರು ವರ್ಷಗಟ್ಟಲೆ ಯಾವುದಕ್ಕಾಗಿ ಹೋರಾಡಿದರೋ ಆ ಮಹಾರಾಷ್ಟ್ರದ ಮೌಢ್ಯವಿರೋಧಿ ಕಾಯಿದೆ, 2013ರ ಆಗಸ್ಟ್ 20ರಂದು ಪುಣೆಯಲ್ಲಿ ಅವರ ಕೊಲೆಯಾದ ಮೇಲೆ ಬಂತು, ಕರ್ನಾಟಕದ್ದು 2017ರಲ್ಲಿ. ಒಂದು ನಂಬಿಕೆ ಮನೆಯ ಅತ್ಯಂತ ದುರ್ಬಲರ ಮೈಮೇಲೆ, ಬದುಕಿನ ಮೇಲೆ ಕೈ ಹಾಕಿದರೆ ಅದು ಯಾರ ಅಜ್ಜಿಯದಾದರೂ ನಿಲ್ಲಬೇಕು. ಕಸ ಗುಡಿಸುವ ಹೊತ್ತಿಗೂ ಮಗಳನ್ನು ಹರಕೆಗೆ ಕೊಡುವುದಕ್ಕೂ ಒಂದೇ ಮೌಢ್ಯದ ಹಣೆಪಟ್ಟಿ ಹಚ್ಚುವವರು ಎರಡನೆಯದರ ಕ್ರೌರ್ಯವನ್ನು ಹಗುರ ಮಾಡುತ್ತಾರೆ.

ಹೊಸ ಜೋಡಿಗಳು ಈ ಗಡಕ್ಕೆ ಬಂದಾಗ ಗಂಡ ಹೆಂಡತಿಯನ್ನು ಎತ್ತಿಕೊಂಡು ಐದು ಮೆಟ್ಟಿಲಾದರೂ ಏರಬೇಕು. ಕನ್ನಡದ ಮನೆಗಳವರೂ ಏರುತ್ತಾರೆ. ಅದಕ್ಕೆ ಮೊದಲು, ನಿಶ್ಚಯವಾದ ಮೇಲೆ, ಮುಹೂರ್ತಕ್ಕಿಂತ ಸಾಕಷ್ಟು ಮುಂಚೆ, ಎರಡೂ ಕಡೆಯ ತಾಯಂದಿರು ಒಂದು ದಿನ ಕೂತು ಮಾತಾಡಿಕೊಳ್ಳಲಿ ಎಂಬುದು ನನ್ನ ಬೇಡಿಕೆ. ಪುಣೆ, ಸೊಲ್ಲಾಪುರ, ಸಾಂಗಲಿಯ ಕನ್ನಡ ಸಂಘಗಳು ಮುಂದೆ ಬಂದು ಜಾಗ ಕೊಡಲಿ. ಚಾತುರ್ಮಾಸದಲ್ಲಿ ಯಾರು ಈರುಳ್ಳಿ ತಿನ್ನುವುದಿಲ್ಲ, ಯಾರಿಗೆ ಯಾವ ವಾರ ಮಾಂಸ ಬೇಕು, ಮೊದಲ ಹೆರಿಗೆ ಎಲ್ಲಿ, ಹೆಸರು ಬದಲಿಸುವುದೋ ಬೇಡವೋ, ತವರಿಗೆ ಅವಳು ಕಳುಹಿಸುವ ಹಣಕ್ಕೆ ಯಾರಾದರೂ ಲೆಕ್ಕ ಕೇಳುತ್ತಾರೋ ಎಂಬುದನ್ನೆಲ್ಲ ಬಾಯಿಬಿಟ್ಟು ಹೇಳಿಕೊಳ್ಳಲಿ. ಹುಡುಗ ಹುಡುಗಿಯೂ ಅಲ್ಲೇ ಕೂತಿರಲಿ, ಮೊದಲು ಮಾತಾಡುವ ಅವಕಾಶ ಹುಡುಗಿಗೆ ಸಿಗಲಿ.